ಒರಿಜಿನಲ್, ಕಂಪ್ಯಾಟಿಬಲ್, ಟೈಪ್-ಸಿ: ಮೂರು ಚಾರ್ಜರ್ ಹಾಕಿ ನೋಡಿದ್ದು

ಚಾರ್ಜರ್ ಹಾಕಿದರೆ ಲೈಟ್ ಹತ್ತುತ್ತದೆ. ಸ್ಕ್ರೀನಿನ ಮೂಲೆಯಲ್ಲಿ ಪ್ಲಗ್ ಚಿತ್ರವೂ ಬರುತ್ತದೆ. ಬ್ಯಾಟರಿ ಮಾತ್ರ 34ರಿಂದ ಮೇಲೇಳುವುದಿಲ್ಲ. 'ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್.' ಲ್ಯಾಪ್‌ಟಾಪ್‌ಗೆ ನಾಲ್ಕೈದು ವರ್ಷ ಆಗಿದ್ದರೆ ಈ ಸಾಲು ನಿಮಗೂ ಗೊತ್ತಿರುತ್ತದೆ. ನನ್ನದರಲ್ಲಿ ಪಿನ್ ಹತ್ತಿರ ವೈರನ್ನು ಸ್ವಲ್ಪ ಮಡಚಿ ಹಿಡಿದರೆ ಚಾರ್ಜ್ ಆಗುತ್ತಿತ್ತು, ಕೈ ಬಿಟ್ಟರೆ ನಿಲ್ಲುತ್ತಿತ್ತು. ಆಫೀಸಿನಲ್ಲಿ ಅದೇ ಮಾಡೆಲ್ ಇಟ್ಟುಕೊಂಡವರ ಅಡಾಪ್ಟರ್ ಹಾಕಿದಾಗ ಸರಿಯಾಗಿ ಏರಿತು. ಅಲ್ಲಿಗೆ ಜ್ಯಾಕ್, ಬ್ಯಾಟರಿ ಎರಡೂ ಚೆನ್ನಾಗಿವೆ ಅಂತಾಯಿತು. ಏನೇ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿ, ಖರ್ಚಿಲ್ಲ. ಇನ್ನು 60ಕ್ಕೋ 80ಕ್ಕೋ ಬಂದು ನಿಲ್ಲುತ್ತಿದ್ದರೆ ಅದು ರೋಗವೇ ಅಲ್ಲದಿರಬಹುದು. ಬ್ಯಾಟರಿ ಬಾಳಿಕೆಗೆ ಅಂತ ಕಂಪನಿಯ ಆ್ಯಪ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಒಮ್ಮೆ ನೋಡಿ.

ನನ್ನದು ಉರುಟು ಪಿನ್ನಿನ ಅಡಾಪ್ಟರ್. ಮೇಲೆ 19.5 ವೋಲ್ಟ್, 3.34 ಆಂಪಿಯರ್ ಎಂದು ಬರೆದಿದೆ, ಅಂದರೆ 65 ವ್ಯಾಟ್. ಪಿನ್ನನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರೆ ನಡುವೆ ಸೂಜಿಯಂಥ ಕಡ್ಡಿಯೊಂದು ಕಾಣುತ್ತದೆ. ಕರೆಂಟ್ ಹೋಗುವುದು ಅದರಲ್ಲಿ ಅಲ್ಲ, ಸುತ್ತಲಿನ ಲೋಹದಲ್ಲಿ. ಅಡಾಪ್ಟರ್ ಯಾವುದು, ಎಷ್ಟು ವ್ಯಾಟಿನದು ಅಂತ ಲ್ಯಾಪ್‌ಟಾಪ್‌ಗೆ ತಿಳಿಸುವುದಷ್ಟೇ ಈ ಕಡ್ಡಿಯ ಕೆಲಸ. ಇದಕ್ಕೆ ಹೋಗುವ ವೈರ್ ತುಂಬಾ ತೆಳು, ಬೇಗ ತುಂಡಾಗುವುದೂ ಅದೇ. ತುಂಡಾದ ಮೇಲೂ ಕರೆಂಟ್ ಬರುತ್ತಲೇ ಇರುತ್ತದೆ, ಆದರೆ ಗುರುತು ಸಿಗದ ಅಡಾಪ್ಟರನ್ನು ಲ್ಯಾಪ್‌ಟಾಪ್ ನಂಬುವುದಿಲ್ಲ. ಬ್ಯಾಟರಿ ತುಂಬುವುದನ್ನು ನಿಲ್ಲಿಸಿ, ಪ್ರೊಸೆಸರ್ ವೇಗವನ್ನೂ ಇಳಿಸಿಬಿಡುತ್ತದೆ. ಎಲ್ಲ ಕಂಪನಿಯವರೂ ಹೀಗೆ ಮಾಡುವುದಿಲ್ಲ, ನನ್ನದು ಮಾಡುತ್ತದೆ.

ಮೊದಲು ಅಗ್ಗದ್ದೇ ಇರಲಿ ಅಂತ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 700 ರೂಪಾಯಿಗೆ ಕಂಪ್ಯಾಟಿಬಲ್ ಅಡಾಪ್ಟರ್ ತಂದೆ, ಅಂದರೆ ನನ್ನ ಮಾಡೆಲ್‌ಗೆ ಹೊಂದುವಂತೆ ಬೇರೆಯವರು ಮಾಡಿದ್ದು. "ಸೇಮ್ ಪಿನ್ ಸಾರ್, ಸೇಮ್ ವೋಲ್ಟೇಜ್" ಅಂದರು ಅಂಗಡಿಯವರು. ಎರಡೂ ನಿಜವೇ. ಮನೆಗೆ ಬಂದು ಹಾಕಿದರೆ ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಅಂತ ಲ್ಯಾಪ್‌ಟಾಪ್ ಆನ್ ಆಗುವಾಗಲೇ ಮೆಸೇಜ್. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ವೇಗ 1 ಗಿಗಾಹರ್ಟ್ಸ್ ಕೂಡ ದಾಟುತ್ತಿಲ್ಲ. ಎಕ್ಸೆಲ್ ಫೈಲ್ ತೆರೆಯಲು ಕೊಟ್ಟು ಎದ್ದುಹೋಗಿ ಕಾಫಿ ಮಾಡಿಕೊಂಡು ಬರಬಹುದಿತ್ತು. ವಾಪಸ್ ಒಯ್ದಾಗ, "ಓ, ನಿಮಗೆ ಚಿಪ್ ಇರೋದು ಬೇಕು" ಅಂತ ಇನ್ನೂ 200 ತೆಗೆದುಕೊಂಡು ಬೇರೆ ಕೊಟ್ಟರು. ಅದು ಚಾರ್ಜ್ ಮಾಡಿತು. ಆದರೆ ಪ್ಲಗ್ ಎರಡೇ ಪಿನ್ನಿನದು, ಅರ್ಥಿಂಗ್ ಇಲ್ಲ. ಚಾರ್ಜಿಂಗ್ ನಡೆಯುವಾಗ ಲ್ಯಾಪ್‌ಟಾಪ್‌ನ ಲೋಹದ ಭಾಗಕ್ಕೆ ಕೈ ತಾಗಿದರೆ ಸಣ್ಣಗೆ ಜುಂ ಅನ್ನುತ್ತಿತ್ತು, ಟಚ್‌ಪ್ಯಾಡಿನ ಬಾಣ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಅಡಾಪ್ಟರ್ ಹೊಟ್ಟೆ ಮುಟ್ಟಲಾಗದಷ್ಟು ಬಿಸಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಹುಡುಕಿದೆ, ಇರಲಿಲ್ಲ. ನಮ್ಮ ದೇಶದಲ್ಲಿ ಮಾರುವ ಅಡಾಪ್ಟರ್ ಮೇಲೆ ಆ ಗುರುತೂ 'ಆರ್' ಅಕ್ಷರದಿಂದ ಶುರುವಾಗುವ ನಂಬರೂ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ತಯಾರಕರು ಯಾರೆಂದು ಗೊತ್ತಾಗುತ್ತದೆ. ರಾತ್ರಿ ಹಾಕಿಟ್ಟು ಮಲಗುವ ವಸ್ತು ಇದು, ಅಲ್ವಾ?

ಒರಿಜಿನಲ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸರ್ವಿಸ್ ಸೆಂಟರಿನಲ್ಲಿ 2,600 ರೂಪಾಯಿ, ಸ್ಟಾಕ್ ಇಲ್ಲ ಅಂತ ಕಾಯಿಸಿದರು ಬೇರೆ. ಹಾಕಿದ ತಕ್ಷಣ ಎಲ್ಲ ಸರಿಹೋಯಿತು. ಮೂರು ಪಿನ್ನಿನ ಪ್ಲಗ್, ಜುಂ ಇಲ್ಲ, ಬಿಸಿಯೂ ಹದವಾಗಿ. ತೂಕ ಮಾತ್ರ ಹಾಗೆಯೇ ಇದೆ, ಬ್ಯಾಗಿನಲ್ಲಿ ಹೊತ್ತುಕೊಂಡು ತಿರುಗುವವರಿಗೆ ಕಷ್ಟ. ಪಿನ್ ಬುಡದ ವೈರೂ ಹಳೆಯದರಷ್ಟೇ ಸೂಕ್ಷ್ಮ.

ನನಗೆ ಹಿಡಿಸಿದ್ದು ಮೂರನೆಯದು, 65 ವ್ಯಾಟಿನ ಟೈಪ್-ಸಿ ಪಿಡಿ (ಪವರ್ ಡೆಲಿವರಿ) ಚಾರ್ಜರ್. ಸುಮಾರು 2,000 ರೂಪಾಯಿ, ಒಂದೇ ಮುಷ್ಟಿಯಲ್ಲಿ ಹಿಡಿಸುತ್ತದೆ. ಇಲ್ಲಿ ಸೂಜಿ ಪಿನ್ನಿನ ರಗಳೆಯಿಲ್ಲ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಕೇಬಲ್ಲಿನಲ್ಲೇ ಮಾತಾಡಿಕೊಂಡು 20 ವೋಲ್ಟಿಗೆ ಒಪ್ಪಿಕೊಳ್ಳುತ್ತವೆ. ಆದರೆ ಸಿ ಪೋರ್ಟ್ ಇದ್ದ ಮಾತ್ರಕ್ಕೆ ಅದರಲ್ಲಿ ಚಾರ್ಜ್ ಆಗುತ್ತದೆ ಅಂತಿಲ್ಲ. ಕೆಲವು ಬರೀ ಡೇಟಾಗೆ. ಪೋರ್ಟ್ ಪಕ್ಕದ ಮಿಂಚಿನ ಗುರುತು ಥಂಡರ್‌ಬೋಲ್ಟ್ ಎಂಬ ವೇಗದ ಡೇಟಾ ಸಂಪರ್ಕದ್ದೂ ಆಗಿರಬಹುದು, ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಮಾಡೆಲ್ ವಿವರದಲ್ಲಿ 'ಪವರ್ ಡೆಲಿವರಿ' ಅಂತ ಇದೆಯಾ ನೋಡಿ.

ಮನೆಯಲ್ಲಿದ್ದ ಫೋನಿನ 67 ವ್ಯಾಟ್ ಚಾರ್ಜರನ್ನೂ ಸುಮ್ನೆ ಹಾಕಿ ನೋಡಿದೆ. 'ಸ್ಲೋ ಚಾರ್ಜರ್' ಅಂತ ಬಂತು. ಆ 67 ಅವರ ಫೋನಿಗೆ ಮಾತ್ರ, ಬೇರೆಯವಕ್ಕೆ ಅಷ್ಟು ಕೊಡುವುದಿಲ್ಲ. ಕೇಬಲ್ ಕೂಡ ಮುಖ್ಯ. ಸಾಮಾನ್ಯ ಸಿ-ಟು-ಸಿ ಕೇಬಲ್ 3 ಆಂಪಿಯರ್ ದಾಟಿಸುವುದಿಲ್ಲ, ಅಂದರೆ 60 ವ್ಯಾಟ್. ನನ್ನ ಲ್ಯಾಪ್‌ಟಾಪ್‌ಗೆ ಆ 5 ವ್ಯಾಟಿನ ಕೊರತೆ ಗೊತ್ತೇ ಆಗಲಿಲ್ಲ. 100 ವ್ಯಾಟ್ ಬೇಡುವ ಲ್ಯಾಪ್‌ಟಾಪ್ ಆದರೆ 5 ಆಂಪಿಯರಿನ ಕೇಬಲ್ ಬೇಕೇಬೇಕು. ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಈ 65 ವ್ಯಾಟ್ ಸಾಲುವುದಿಲ್ಲ, ಅಲ್ಲಿ ಒರಿಜಿನಲ್ಲೇ ಸರಿ. ಎರಡು ಪೋರ್ಟಿನ ಚಾರ್ಜರಿಗೆ ಇನ್ನೊಂದು ಗುಣವಿದೆ: ಪಕ್ಕದಲ್ಲಿ ಫೋನ್ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ಚಾರ್ಜ್ ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ. ಪವರ್ ಹಂಚಿಕೊಂಡು ನನ್ನದರಲ್ಲಿ 45 ವ್ಯಾಟಿಗೆ ಇಳಿಯುತ್ತದೆ. ಕೆಟ್ಟಿತು ಅಂತ ಗಾಬರಿಯಾಗಬೇಡಿ. ಇದೇ ಚಾರ್ಜರ್ ಮನೆಯ ಟ್ಯಾಬ್ಲೆಟ್‌ಗೂ ಆಗುತ್ತದೆ. (ಟ್ಯಾಬ್ಲೆಟ್ ಬಿಟ್ಟು ಬಿಟ್ಟು ಚಾರ್ಜ್ ಆಗುತ್ತಿದ್ದರೆ ಮೊದಲು ಆಫ್ ಮಾಡಿ, ಪೋರ್ಟಿನೊಳಗಿನ ಬಟ್ಟೆ ಜುಂಗನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ.)

ಸಿ ಚಾರ್ಜಿಂಗ್ ಇಲ್ಲದೆ, ಬಜೆಟ್ಟೂ ಇಲ್ಲದೆ ಕಂಪ್ಯಾಟಿಬಲ್ಲೇ ಕೊಳ್ಳಬೇಕಾದರೆ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ಯಿರಿ, ಅದೂ ಅರ್ಧ ಖಾಲಿಯಾದ ಬ್ಯಾಟರಿಯೊಂದಿಗೆ. ಫುಲ್ ಇದ್ದರೆ ಚಾರ್ಜ್ ಆಗುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅಲ್ಲೇ ಹಾಕಿಸಿ, ಬ್ಯಾಟರಿ ಒಂದೆರಡು ಅಂಕ ಏರುವವರೆಗೆ ನಿಂತು ನೋಡಿ, ಬಿಲ್ ಮೇಲೆ ವಾರಂಟಿ ಬರೆಸಿಕೊಂಡು ಆಮೇಲೆ ದುಡ್ಡು ಕೊಡಿ.