ಹಳೆಯ ಇಮೇಲ್ ಇಡಲು ಎಂಬಾಕ್ಸ್ ಮೇಲೋ, ಇಎಂಎಲ್ ಮೇಲೋ?

ಹದಿನೈದು ವರ್ಷಗಳ ಇಮೇಲ್, ಸುಮಾರು ನಲವತ್ತು ಸಾವಿರ ಪತ್ರ, ಒಟ್ಟು ಆರು ಜಿಬಿ. ಇಷ್ಟನ್ನೂ ಸರ್ವರ್‌ನಿಂದ ಇಳಿಸಿ ನನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳಲು ಹೊರಟಾಗ ಮೊದಲ ಪೆಟ್ಟು ಬಿದ್ದದ್ದು ನನ್ನದೇ ಅವಸರದಿಂದ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ, ಸರ್ವರ್ ಜೊತೆ ಮಾತಾಡುವ ಐಮ್ಯಾಪ್ ವಿಧಾನದಿಂದ ಖಾತೆ ಜೋಡಿಸಿದ್ದೆ. ಪತ್ರಗಳೆಲ್ಲ ಪರದೆಯ ಮೇಲೆ ಕಾಣುತ್ತಿದ್ದವು. ಸರಿ, ಇಳಿದಿವೆ ಎಂದುಕೊಂಡು ಬ್ರೌಸರ್‌ನಲ್ಲಿ ಒಂದು ಇಡೀ ವರ್ಷದ ಪತ್ರಗಳನ್ನು ಅಳಿಸಿದೆ. ಸ್ವಲ್ಪ ಹೊತ್ತಿಗೆ ಇಲ್ಲಿಯೂ ಮಾಯ. ಐಮ್ಯಾಪ್ ಬರೀ ಸರ್ವರ್‌ನ ಕನ್ನಡಿ. ಅಲ್ಲಿ ಹೋದದ್ದು ಇಲ್ಲೂ ಹೋಗುತ್ತದೆ. ಕಸದಬುಟ್ಟಿಯಿಂದ ಹೆಕ್ಕಿ ತಂದು, ಆಮೇಲೆ ಕಂಪ್ಯೂಟರಿನಲ್ಲೇ ಇರುವ ‘ಲೋಕಲ್ ಫೋಲ್ಡರ್ಸ್’ಗೆ ನಕಲಾದದ್ದನ್ನು ಮಾತ್ರ ನನ್ನದೆಂದು ಲೆಕ್ಕ ಹಿಡಿಯುತ್ತಾ ಬಂದೆ.

ಅಲ್ಲಿಂದ ಮುಂದೆ ಇದ್ದ ಪ್ರಶ್ನೆ ಯಾವ ರೂಪದಲ್ಲಿ ಇಡುವುದು ಎಂಬುದು. ಔಟ್‌ಲುಕ್ ತಂತ್ರಾಂಶ ತನ್ನ ಪತ್ರಗಳನ್ನು ಇಡುವ ಪಿಎಸ್‌ಟಿ ಕಡತವನ್ನು ಬೇಗನೆ ಕೈಬಿಟ್ಟೆ. ಹಳೆಯ ಪಿಎಸ್‌ಟಿಗೆ 2 ಜಿಬಿಯ ಮಿತಿ ಇತ್ತು, 2003ರ ಆವೃತ್ತಿಯಿಂದ ಅದು ನೀಗಿದೆ, ನಿಜ. ಆದರೆ ಒಂದೇ ತಂತ್ರಾಂಶವನ್ನು ನೆಚ್ಚಿಕೊಂಡು ಹದಿನೈದು ವರ್ಷದ ಪತ್ರ ಇಡಲು ಮನಸ್ಸು ಒಪ್ಪಲಿಲ್ಲ. ಪಿಡಿಎಫ್ ಮಾಡಿಯೂ ನೋಡಿದೆ. ಓದಲು ಚೆಂದ, ಲಗತ್ತುಗಳು ಬರಲಿಲ್ಲ, ಪತ್ರ ಯಾವ ಸರ್ವರ್ ದಾಟಿ ಬಂತೆಂಬ ವಿವರವೂ ಉಳಿಯಲಿಲ್ಲ. ಯಾರಿಗಾದರೂ ತೋರಿಸಬೇಕಾದ ನಾಲ್ಕು ಪತ್ರಕ್ಕೆ ಸಾಕು, ಅಷ್ಟೇ.

ಕಣದಲ್ಲಿ ಉಳಿದವು ಎರಡು. ಎಂಬಾಕ್ಸ್ ಎಂದರೆ ಒಂದು ಫೋಲ್ಡರಿನ ಪತ್ರಗಳನ್ನೆಲ್ಲ ಸಾಲಾಗಿ ಪೋಣಿಸಿದ ಒಂದೇ ಕಡತ. ಇಎಂಎಲ್ ಎಂದರೆ ಒಂದು ಪತ್ರಕ್ಕೆ ಒಂದು ಕಡತ.

ಇಎಂಎಲ್ ಕಂಡ ಕೂಡಲೇ ಇಷ್ಟವಾಯಿತು. ಕಡತದ ಹೆಸರಿನಲ್ಲೇ ದಿನಾಂಕ, ವಿಷಯ. ಎರಡು ಸಲ ಒತ್ತಿದರೆ ಪತ್ರ ತೆರೆಯುತ್ತದೆ. ಒಂದು ಕೆಟ್ಟರೆ ಒಂದೇ ಹೋಗುತ್ತದೆ. ತೊಡಕು ಶುರುವಾದದ್ದು ಹೊರಗಿನ ಡಿಸ್ಕ್‌ಗೆ ನಕಲು ಮಾಡುವಾಗ. ಆರು ಜಿಬಿ ಅಲ್ಲಿ ಹತ್ತೂವರೆ ಜಿಬಿ ನುಂಗಿತು. ಆ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆಯದು, ಜಾಗವನ್ನು 128 ಕೆಬಿಯ ತುಂಡುಗಳಲ್ಲಿ ಹಂಚುತ್ತಿತ್ತು. ‘ಆಯಿತು, ನಾಳೆ ಸಿಗೋಣ’ ಎಂಬ ಐದು ಕೆಬಿಯ ಪತ್ರಕ್ಕೂ ಪೂರ್ತಿ ಒಂದು ತುಂಡು. ನಕಲು ಮುಗಿಯುವ ಹೊತ್ತಿಗೆ ನಾನು ಎರಡು ಸಲ ಎದ್ದು ಓಡಾಡಿ ಬಂದಿದ್ದೆ. ಮೇಲಾಗಿ, ‘ರೀ: ಫಾರ್ವರ್ಡ್: ರೀ:’ ಎಂದು ಬಾಲ ಬೆಳೆಸಿಕೊಂಡ ವಿಷಯಗಳಿಂದ ಕಡತದ ಹೆಸರು ಉದ್ದವಾಗಿ, ಫೋಲ್ಡರುಗಳ ಹೆಸರೂ ಸೇರಿ ಲೆಕ್ಕವಾಗುವ ವಿಂಡೋಸ್‌ನ 260 ಅಕ್ಷರದ ಮಿತಿಗೆ ತಾಗಿ ಕೆಲವು ಪತ್ರಗಳು ದಾರಿಯಲ್ಲೇ ಉಳಿದವು.

ಎಂಬಾಕ್ಸ್ ಅದೇ ಡಿಸ್ಕ್‌ಗೆ ಸಲೀಸಾಗಿ ಹೋಯಿತು. ಅದರ ಕಷ್ಟ ಬೇರೆ. ಎಲ್ಲವೂ ಒಂದೇ ಕಡತವಾದರೆ, ಒಂದು ಹೊಸ ಪತ್ರ ಸೇರಿದರೂ ಬ್ಯಾಕಪ್ ಆರು ಜಿಬಿಯನ್ನು ಮತ್ತೆ ಎತ್ತಿ ಇಡುತ್ತದೆ. ಹಳೆಯ ಪೆನ್‌ಡ್ರೈವ್ ಅಂತೂ ಅದನ್ನು ಸೇರಿಸಿಕೊಳ್ಳಲೇ ಇಲ್ಲ. ಅದು ಫ್ಯಾಟ್32 ಎಂಬ ಹಳೆಯ ಕಡತ ವ್ಯವಸ್ಥೆಯದು, ಅದರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಥಂಡರ್‌ಬರ್ಡ್‌ನ ಆರ್ಕೈವ್ ಸೌಲಭ್ಯದಲ್ಲಿ ವರ್ಷಕ್ಕೊಂದು ಫೋಲ್ಡರ್ ಆರಿಸಿದ ಮೇಲೆ ಎರಡೂ ತಕರಾರು ಮುಗಿದವು. 2011ರ ಕಡತ ಇನ್ನು ಬದಲಾಗುವುದಿಲ್ಲ, ಬ್ಯಾಕಪ್ ಅದನ್ನು ಮುಟ್ಟುವುದೂ ಇಲ್ಲ. ಒಂದು ಸಣ್ಣ ಕಿರಿಕಿರಿ ಎಂಬಾಕ್ಸ್‌ನ ಹುಟ್ಟುಗುಣ: ಪ್ರತಿ ಪತ್ರವೂ ಇಂಗ್ಲಿಷಿನ ‘ಫ್ರಮ್’ ಪದದ ಸಾಲಿನಿಂದ ಶುರುವಾಗುವುದರಿಂದ, ಒಳಗಿನ ಸಾಲು ಅದೇ ಪದದಿಂದ ಆರಂಭವಾದರೆ ಕೆಲವು ತಂತ್ರಾಂಶಗಳು ಅದರ ಮುಂದೆ ‘>’ ಗುರುತು ಹಾಕಿಬಿಡುತ್ತವೆ.

ನನಗೆ ನಿಜವಾದ ಪರೀಕ್ಷೆ ಹುಡುಕಾಟ. ಎರಡೂ ಸಾದಾ ಪಠ್ಯ, ಯಾವ ಎಡಿಟರ್‌ನಲ್ಲಿ ಬೇಕಾದರೂ ಹುಡುಕಬಹುದು ಎಂದು ಹೇಳುವುದುಂಟು. ಇಂಗ್ಲಿಷ್ ಪತ್ರಗಳಿಗೆ ಬಹುಮಟ್ಟಿಗೆ ನಿಜ. ‘ಮದುವೆ’ ಎಂದು ಹುಡುಕಿದೆ, ಸೊನ್ನೆ. ಕಡತ ತೆರೆದರೆ ಕನ್ನಡ ಪತ್ರಗಳ ಒಡಲು ಬೇಸ್64 ಸಂಕೇತದಲ್ಲಿ ಕುಳಿತಿತ್ತು. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್. ಬೇಸ್64 ಅದನ್ನು ನಾಲ್ಕು ರೋಮನ್ ಚಿಹ್ನೆಯಾಗಿಸುತ್ತದೆ. ‘ಪ್ರೀತಿಯ’ ಎಂದು ಶುರುವಾಗುವ ಪತ್ರವಿರಲಿ, ‘ಮಾನ್ಯರೇ’ ಎನ್ನುವುದಿರಲಿ, ಅಲ್ಲಿ ಎಲ್ಲವೂ ‘4’, ‘ಎಲ್’, ‘ಕೆ’ ಎಂದೇ ಶುರು. ಲಗತ್ತುಗಳು ಮೂಲಕ್ಕಿಂತ ಮೂರನೇ ಒಂದು ಭಾಗ ಉಬ್ಬಿರುವುದೂ ಇದೇ ಕಾರಣಕ್ಕೆ. ಅಂದರೆ ಕನ್ನಡ ಪತ್ರ ಹುಡುಕಲು ಸಂಕೇತ ಬಿಡಿಸಿ ಓದುವ ಮೇಲ್ ತಂತ್ರಾಂಶವೇ ಬೇಕು. ಮೇಲ್ ತಂತ್ರಾಂಶದ ಹಂಗಿಲ್ಲದೆ ಬೇಕಾದ ಪತ್ರ ಹುಡುಕಿ ತೆಗೆಯಬಹುದು ಎಂದು ಇಎಂಎಲ್ ಪರವಾಗಿ ನಾನು ಹಿಡಿದಿದ್ದ ದೊಡ್ಡ ವಾದ ಅಲ್ಲಿಗೆ ಬಿದ್ದುಹೋಯಿತು. ಥಂಡರ್‌ಬರ್ಡ್ ತೆರೆಯಲೇಬೇಕೆಂದ ಮೇಲೆ ನಲವತ್ತು ಸಾವಿರ ಬಿಡಿ ಕಡತ ಯಾಕೆ?

ಈಗ ವರ್ಷವಾರು ಎಂಬಾಕ್ಸ್ ಇಟ್ಟಿದ್ದೇನೆ, ಎರಡು ಡಿಸ್ಕ್‌ಗಳಲ್ಲಿ. ಮನೆಯವರ ಪತ್ರ, ಕರಾರು, ರಸೀದಿ ಎಂದು ಇನ್ನೂರು ಚಿಲ್ಲರೆ ಪತ್ರಗಳನ್ನು ಮಾತ್ರ ಇಎಂಎಲ್ ಆಗಿ ಬೇರೆ ಫೋಲ್ಡರಿನಲ್ಲಿ ಉಳಿಸಿದ್ದೇನೆ, ಹೆಸರುಗಳನ್ನು ಕೈಯಾರೆ ಗಿಡ್ಡ ಮಾಡಿ. ‘ನಾಳೆ ಸಿಗೋಣ’ ಅದರಲ್ಲಿ ಇಲ್ಲ.