ಸರ ಪೋಣಿಸಲು ಕೊಡುತ್ತೀರಾ? ತಂಗೂಸಿ, ಅಂಟು ಬೇಡ ಎಂದು ಮೊದಲೇ ಹೇಳಿ

ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಹೊಸದಾಗಿ ಪೋಣಿಸಿಕೊಟ್ಟ ಹವಳ, ಚಿನ್ನದ ಗುಂಡಿನ ಸರ ಮದುವೆಮನೆಯಲ್ಲೇ ಹರಿದು ಚೆಲ್ಲಾಪಿಲ್ಲಿಯಾಯಿತು. ಎರಡು ಗುಂಡು ಸಿಗಲೇ ಇಲ್ಲ. ಹರಿಯುವ ಮುಂಚೆಯೇ ಹಿಂಗತ್ತು ಗೀರಿ ಕೆಂಪಾಗಿತ್ತು. ಉಳಿದದ್ದನ್ನು ಬಿಚ್ಚಿದಾಗ ಕಂಡದ್ದು: ರೇಷ್ಮೆ ದಾರದ ಬದಲು ಮೀನು ಹಿಡಿಯುವ ನೈಲಾನ್ ತಂಗೂಸಿ, ಗಂಟಿನ ಮೇಲೆ ಸೂಪರ್ ಗ್ಲೂ, ಲೈಟರಿನಲ್ಲಿ ಸುಟ್ಟ ತುದಿ.

ತಂಗೂಸಿ ಗಟ್ಟಿ ನಿಜ, ಆದರೆ ಬಳುಕುವುದಿಲ್ಲ. ಸುತ್ತಿಟ್ಟ ಆಕಾರವೇ ಅದರಲ್ಲಿ ಉಳಿದು ಸರ ಕತ್ತಿಗೆ ಒರಗದೆ ಸೆಟೆದು ನಿಲ್ಲುತ್ತದೆ. ಸುಟ್ಟ ತುದಿ ಚೂಪು ಉಂಡೆಯಾಗಿ ಚರ್ಮ ಗೀರುತ್ತದೆ. ಗುಂಡಿನೊಳಗೆ ಅರಗು ತುಂಬಿದ್ದರೆ ಆ ಬಿಸಿಗೆ ಅರಗೂ ಕರಗಬಹುದು. ಎಲ್ಲಕ್ಕಿಂತ ಕೆಟ್ಟದ್ದು ಅಂಟು. ರೇಷ್ಮೆ ದಾರಕ್ಕೆ ಹಾಕಿದರೂ ಅದು ಒಳಗೆ ಹರಿದು ದಾರ ಒಂದೆರಡು ಮಣಿಯಷ್ಟು ಉದ್ದ ಕಡ್ಡಿಯಂತೆ ಬಿರುಸಾಗುತ್ತದೆ. ಬಿರುಸು ಮುಗಿದು ಮೆದು ಶುರುವಾಗುವ ಜಾಗದಲ್ಲೇ ದಾರ ಮುರಿಯುತ್ತದೆ. ಅದನ್ನು ಬಿಡಿಸಲು ನೈಲ್ ಪಾಲಿಶ್ ತೆಗೆಯುವ ದ್ರವ ಹಾಕಿದರೆ ಬಣ್ಣ ಕೊಟ್ಟ ಹವಳದ ಬಣ್ಣವೂ ಬಿಡುತ್ತದೆ, ಮುತ್ತಿನ ಹೊಳಪೂ ಕೆಡುತ್ತದೆ.

ಸರಿಯಾದ ಕೆಲಸ ಹೀಗೆ. 18 ಇಂಚಿನ ಸರಕ್ಕೆ ರೇಷ್ಮೆ ದಾರ ಜೋಡಿ ಎಳೆಯಾಗಿ ಬೇಕು, ತುದಿಗಳಿಗೂ ಸೇರಿಸಿ ಸುಮಾರು 48 ಇಂಚು. ತೂತಿನ ಅಂಚು ಹರಿತವಿದ್ದರೆ ಎಂಥ ದಾರವನ್ನಾದರೂ ಕೊಯ್ಯುತ್ತದೆ, ಹಾಗಾಗಿ ಪೋಣಿಸುವ ಮುನ್ನ ಚಿನ್ನದ ಗುಂಡಿನ ತೂತನ್ನು ನೋಡಿಸಿ, ಹರಿತವಿದ್ದರೆ ನಯ ಮಾಡಿಸಿ. ದೊಡ್ಡ ಗುಂಡು ಮುಂದೆ ಮಧ್ಯಕ್ಕೆ, ಹಿಂಗತ್ತಿಗೆ ಸಣ್ಣ ಮಣಿ ಬರಲಿ; ಭಾರ ಹಿಂದೆ ಕುಳಿತರೆ ಸರ ದಿನವಿಡೀ ತಿರುಗುತ್ತಲೇ ಇರುತ್ತದೆ. ಪೋಣಿಸಿದ ಮೇಲೆ ಕೊನೆಯ ಗಂಟು ಹಾಕದೆ ಒಂದು ರಾತ್ರಿ ನೇತುಹಾಕಬೇಕು, ರೇಷ್ಮೆ ಹಿಗ್ಗುವಷ್ಟು ಹಿಗ್ಗಲಿ. ಆಮೇಲೆ ಎರಡು ಮಿಲಿಮೀಟರಿನಷ್ಟು ಸಡಿಲ ಬಿಟ್ಟು ಗಂಟು ಕಟ್ಟಿ, ತುದಿಯನ್ನು ಮೂರು ನಾಲ್ಕು ಮಣಿಗಳೊಳಗೆ ಹಿಂದಕ್ಕೆ ನುಗ್ಗಿಸಿ ಕತ್ತರಿಸಬೇಕು. ಮುತ್ತಾದರೆ ಪ್ರತಿ ಮಣಿಗೂ ನಡುವೆ ಒಂದು ಗಂಟು: ಹರಿದರೂ ಒಂದೇ ಉದುರುತ್ತದೆ, ಒಂದಕ್ಕೊಂದು ಉಜ್ಜುವುದಿಲ್ಲ.

ಸರವನ್ನು ಬೆರಳ ಮೇಲೆ ಜೋತುಬಿಟ್ಟು ನೋಡಿ. ಮೂಲೆ ಮೂಲೆಯಾಗಿ ಮಡಿದರೆ ಬಿಗಿ ಹೆಚ್ಚಾಗಿದೆ, ಅಲ್ಲೇ ವಾಪಸ್ ಕೊಡಿ. ಮಲೆನಾಡಿನ ಮಳೆಗಾಲದಲ್ಲಿ ಬೆವರು ಆರದ ಸರವನ್ನು ಡಬ್ಬಿಗೆ ಹಾಕಿದರೆ ಒಳ್ಳೆಯ ದಾರವೂ ಬೇಗ ಕೊಳೆಯುತ್ತದೆ.

ಕೊಡುವಾಗ ಚಿನ್ನದ ಗುಂಡನ್ನು ಬೇರೆ, ಹವಳವನ್ನು ಬೇರೆ ಎಣಿಸಿ, ಅಂಗಡಿಯವರ ಎದುರೇ ತೂಗಿಸಿ ಚೀಟಿಯಲ್ಲಿ ಬರೆಸಿ, ಫೋಟೊ ತೆಗೆಯಿರಿ. ದಾರ ಯಾವುದು ಎನ್ನುವುದೂ ಅದೇ ಚೀಟಿಯಲ್ಲಿರಲಿ.