ಟೋಕಿಯೋದಲ್ಲಿ ಯುಆರ್ ಬಾಡಿಗೆ ಮನೆ: ವರ್ಷಗಟ್ಟಲೆ ಇದ್ದವಳ ಅನುಭವ

ಟೋಕಿಯೋಗೆ ಕೆಲಸದ ಮೇಲೆ ಬರುವ ಕನ್ನಡದವರು ಪರಿಚಯವಾದ ಕೂಡಲೇ ಕೇಳುವುದು ಮನೆ ವಿಷಯ. ಎಲ್ಲಿ ನೋಡಬೇಕು, ಎಷ್ಟು ದುಡ್ಡು ಬೇಕು, ಹೊರದೇಶದವರಿಗೆ ಕೊಡ್ತಾರಾ ಅಂತ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಮೊದಲು ಯುಆರ್ (ಅರ್ಬನ್ ರೆನೈಸಾನ್ಸ್ ಏಜೆನ್ಸಿ ಅನ್ನುವ ಸರ್ಕಾರಿ ಸಂಸ್ಥೆಯ ಬಾಡಿಗೆ ಮನೆ) ನೋಡಿ, ಅಲ್ಲಿ ಸಿಗದಿದ್ದರೆ ಮಾತ್ರ ಬೇರೆ ಕಡೆ ಹೋಗಿ. ಎದೋಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ ವರ್ಷಗಳಿಂದ ಯುಆರ್ ಮನೆಯಲ್ಲೇ ಸಂಸಾರ ಮಾಡಿಕೊಂಡಿದ್ದೇನೆ. ಹಾಗಾಗಿ ಇದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಯುಆರ್ ಸರ್ಕಾರಕ್ಕೆ ಸೇರಿದ ಸಂಸ್ಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಊರುಗಳಲ್ಲಿ ಮನೆಗಳಿಗೆ ವಿಪರೀತ ಕೊರತೆ ಇತ್ತು. ಆಗ, 1955ರಲ್ಲಿ, ಜಪಾನ್ ವಸತಿ ನಿಗಮ ಶುರುವಾಯಿತು. ಸಾಲುಸಾಲಾಗಿ ಕಾಂಕ್ರೀಟ್ ಕಟ್ಟಡಗಳು, ನಡುವೆ ಮಕ್ಕಳ ಆಟದ ಜಾಗ, ಮರಗಳು, ಪಕ್ಕದಲ್ಲೇ ಅಂಗಡಿ. ಇಂಥ ಬಡಾವಣೆಗೆ ಇಲ್ಲಿ ದಾಂಚಿ ಅಂತಾರೆ. ಆ ನಿಗಮದ ಬಾಡಿಗೆ ಮನೆಗಳು 2004ರಿಂದ ಯುಆರ್ ಕೈಯಲ್ಲಿವೆ. ದೇಶದಾದ್ಯಂತ ಸುಮಾರು 7 ಲಕ್ಷ ಮನೆಗಳಿವೆ. ಹಳೆಯ ದಾಂಚಿಗಳ ಜೊತೆಗೆ ಹೊಸ ಎತ್ತರದ ಕಟ್ಟಡಗಳೂ ಸೇರಿವೆ.

ಯುಆರ್ ಯಾಕೆ ಅಂತ ಗೊತ್ತಾಗಬೇಕಾದರೆ ಖಾಸಗಿ ಬಾಡಿಗೆ ಮನೆ ಹೇಗೆ ಸಿಗುತ್ತದೆ ಅಂತ ತಿಳಿಯಬೇಕು. ನಾವು ಮೊದಲು ಹುಡುಕಿದ್ದು ಅದನ್ನೇ. ಆಫೀಸಿಗೆ ಹತ್ತಿರ ಅಂತ ಬೇರೊಂದು ಕಡೆ ಏಜೆಂಟರ ಹತ್ತಿರ ಹೋದೆವು. ಅವರು ತುಂಬ ಮರ್ಯಾದೆಯಿಂದ ಚಹಾ ಕೊಟ್ಟು, ನಮ್ಮ ಎದುರಿಗೇ ಮನೆ ಮಾಲೀಕರಿಗೆ ಫೋನ್ ಮಾಡುತ್ತಿದ್ದರು. ಸಂಬಳ, ಕಂಪನಿ, ಎಷ್ಟು ಜನ ಎಲ್ಲ ಹೇಳಿ ಆದ ಮೇಲೆ, ‘ವಿದೇಶಿಯರು’ ಅನ್ನುವ ಮಾತು ಬರುತ್ತಿದ್ದಂತೆ ಅವರ ದನಿ ತಗ್ಗುತ್ತಿತ್ತು. ಫೋನ್ ಇಟ್ಟು ತಲೆ ಬಗ್ಗಿಸಿ ಕ್ಷಮೆ ಕೇಳುತ್ತಿದ್ದರು. ಒಂದು ಮನೆಯಾಯಿತು, ಇನ್ನೊಂದಾಯಿತು, ಮತ್ತೊಂದಾಯಿತು. ನಮ್ಮ ಮುಖ ಕೂಡ ನೋಡದವರು ಬೇಡ ಅಂದಾಗ ಆಗುವ ಸಂಕಟ ಹೇಳಿ ತೀರದು. ಇದು ನಮಗೊಬ್ಬರಿಗೇ ಆದದ್ದೂ ಅಲ್ಲ. ಜಪಾನಿನ ನ್ಯಾಯ ಸಚಿವಾಲಯ ಇಲ್ಲಿರುವ ವಿದೇಶಿಯರ ಬಗ್ಗೆ ಸಮೀಕ್ಷೆ ಮಾಡಿಸಿ 2017ರಲ್ಲಿ ಪ್ರಕಟಿಸಿತು. ಅದರ ಹಿಂದಿನ ಐದು ವರ್ಷದಲ್ಲಿ ಮನೆ ಹುಡುಕಿದವರಲ್ಲಿ ಶೇಕಡಾ 39ರಷ್ಟು ಜನ, ವಿದೇಶಿ ಅನ್ನುವ ಕಾರಣಕ್ಕೆ ಮನೆ ಕೊಡಲಿಲ್ಲ ಅಂದಿದ್ದರು.

ಒಪ್ಪಿದರೂ ಅಷ್ಟಕ್ಕೇ ಮುಗಿಯುವುದಿಲ್ಲ. ಜಾಮೀನು ನಿಲ್ಲುವವರು ಬೇಕು. ಊರಿಗೆ ಹೊಸಬರಾದ ನಮಗೆ ಯಾರು ನಿಲ್ಲುತ್ತಾರೆ? ಆಗ ಜಾಮೀನು ಕಂಪನಿಗೆ ದುಡ್ಡು ಕಟ್ಟಬೇಕು. ಲೆಕ್ಕ ಹೀಗೆ ಹಾಕಿ: ಮನೆ ಬಾಡಿಗೆ ತಿಂಗಳಿಗೆ 1 ಲಕ್ಷ ಯೆನ್ ಅಂತಿಟ್ಟುಕೊಳ್ಳಿ. ಮಾಲೀಕರಿಗೆ ಕಾಣಿಕೆ ಅಂತ ರೇಕಿನ್ ಒಂದು ತಿಂಗಳ ಬಾಡಿಗೆ, ಠೇವಣಿ ಒಂದು ತಿಂಗಳದ್ದು, ಏಜೆಂಟರಿಗೆ ಒಂದು ತಿಂಗಳದ್ದು ಮತ್ತು ಅದರ ಮೇಲೆ ತೆರಿಗೆ, ಜಾಮೀನು ಕಂಪನಿಗೆ ಅರ್ಧದಿಂದ ಒಂದು ತಿಂಗಳದ್ದು. ಮೇಲೆ ಬೆಂಕಿ ವಿಮೆ, ಬೀಗ ಬದಲಾಯಿಸಿದ ಖರ್ಚು. ಮೊದಲ ತಿಂಗಳ ಬಾಡಿಗೆಯೂ ಸೇರಿದರೆ 5 ಲಕ್ಷದ ಹತ್ತಿರ ಹೋಗುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಇರುವವರಿಗೆ ಇದು ದೊಡ್ಡದು ಅನ್ನಿಸಲಿಕ್ಕಿಲ್ಲ. ಆದರೆ ಅಲ್ಲಿ ಅಡ್ವಾನ್ಸ್ ವಾಪಸ್ ಬರುತ್ತದೆ, ಅಲ್ವಾ? ಇಲ್ಲಿ ರೇಕಿನ್, ಏಜೆಂಟರ ದುಡ್ಡು, ಜಾಮೀನು ಶುಲ್ಕ ಯಾವುದೂ ಬರುವುದಿಲ್ಲ. ಟೋಕಿಯೋ ಕಡೆ ಎರಡು ವರ್ಷಕ್ಕೊಮ್ಮೆ ಕರಾರು ನವೀಕರಿಸಲು ಮತ್ತೆ ಒಂದು ತಿಂಗಳ ಬಾಡಿಗೆ ಕೊಡುವುದೂ ಮಾಮೂಲು.

ಯುಆರ್‌ನಲ್ಲಿ ರೇಕಿನ್ ಇಲ್ಲ, ಏಜೆಂಟ್ ಕಮಿಷನ್ ಇಲ್ಲ, ನವೀಕರಣ ಶುಲ್ಕ ಇಲ್ಲ, ಜಾಮೀನುದಾರರು ಬೇಕಿಲ್ಲ. ಎರಡು ತಿಂಗಳ ಬಾಡಿಗೆ ಠೇವಣಿ, ಸೇರುವ ತಿಂಗಳಲ್ಲಿ ಉಳಿದ ದಿನಗಳ ಬಾಡಿಗೆ, ಕಟ್ಟಡದ ನಿರ್ವಹಣೆಗೆ ಸ್ವಲ್ಪ ದುಡ್ಡು, ಇಷ್ಟೇ. ಈಚೆಗೆ ಬಂದ ಹುಡುಗನೊಬ್ಬ, “ಯಾರದ್ದಾದ್ರೂ ಸಹಿ ಬೇಕಾಗುತ್ತಲ್ಲ ಅಕ್ಕಾ, ಮ್ಯಾನೇಜರ್ ಹತ್ತಿರ ಕೇಳೋಕೆ ಮುಜುಗರ” ಅಂದ. “ಬೇಡಪ್ಪ, ನಿನ್ನ ಸಂಬಳದ ಕಾಗದ ಸಾಕು” ಅಂದೆ. ಅವನ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. ನನ್ನ ಮಟ್ಟಿಗೆ ದುಡ್ಡು ಉಳಿಯುವುದಕ್ಕಿಂತ ಇದೇ ದೊಡ್ಡ ಲಾಭ. ಯಾರದೋ ಕೃಪೆಯಿಂದಲ್ಲ, ನಿಯಮ ಇರುವುದರಿಂದ ಮನೆ ಸಿಗುತ್ತದೆ. ಮೊದಲು ಬಂದವರಿಗೆ ಮನೆ. ಅರ್ಜಿಯಲ್ಲಿ ಹೆಸರು ಜಪಾನಿನದೋ ಹುಬ್ಬಳ್ಳಿಯದೋ ಅಂತ ನೋಡುವುದಿಲ್ಲ.

ಆದರೆ ಷರತ್ತುಗಳಿವೆ, ಗಟ್ಟಿಯಾಗಿಯೇ ಇವೆ. ಮಧ್ಯಮ ಅಥವಾ ದೀರ್ಘಾವಧಿಯ ವಾಸದ ಪರವಾನಗಿ ಇರಬೇಕು. ಪ್ರವಾಸಿ ವೀಸಾದಲ್ಲಿ ಆಗುವುದಿಲ್ಲ. ಹಾಗಾಗಿ ಬಂದ ಹೊಸದರಲ್ಲಿ ಕಂಪನಿ ಕೊಡುವ ತಾತ್ಕಾಲಿಕ ಜಾಗದಲ್ಲಿದ್ದು, ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸಿ ಆಮೇಲೆ ಅರ್ಜಿ ಹಾಕಿ. ಸಂಸಾರಸ್ಥರಿಗೆ ಬಾಡಿಗೆ 82,500 ಯೆನ್‌ಗಿಂತ ಕಮ್ಮಿ ಇದ್ದರೆ ತಿಂಗಳ ಆದಾಯ ಬಾಡಿಗೆಯ ನಾಲ್ಕು ಪಟ್ಟು ಇರಬೇಕು. ಅದಕ್ಕಿಂತ ಮೇಲೆ, 2 ಲಕ್ಷದ ಒಳಗಿನ ಬಾಡಿಗೆಗೆ 3,30,000 ಯೆನ್ ಆದಾಯ ಸಾಕು. ಒಬ್ಬರೇ ಇರುವವರಿಗೆ 62,500ರವರೆಗೆ ನಾಲ್ಕು ಪಟ್ಟು, ಅದರ ಮೇಲೆ 2,50,000. ಇಲ್ಲವೇ ಬ್ಯಾಂಕಿನಲ್ಲಿ ಬಾಡಿಗೆಯ ನೂರು ಪಟ್ಟು ಉಳಿತಾಯ ತೋರಿಸಬೇಕು. ಅದು ನಮ್ಮಂಥವರಿಗೆ ದೂರದ ಮಾತು. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಅವಧಿಯ ಬಾಡಿಗೆಯನ್ನು ಒಟ್ಟಿಗೇ ಮುಂಗಡ ಕಟ್ಟಿದರೆ ಆದಾಯದ ಷರತ್ತು ಇರುವುದಿಲ್ಲ. ಜಪಾನೀ ಭಾಷೆ ಬಾರದವರು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕರಾರಿನ ಕಾಗದಗಳೆಲ್ಲ ಜಪಾನಿಯಲ್ಲೇ ಇರುತ್ತವೆ.

ನಿಶಿ ಕಸಾಯಿ ಸುತ್ತ ಇಷ್ಟೊಂದು ಭಾರತೀಯರು ಸೇರಿದ್ದಕ್ಕೂ ಈ ಮನೆಗಳಿಗೂ ನೇರ ಸಂಬಂಧ ಇದೆ. 2000ನೇ ಇಸವಿಯ ಕಂಪ್ಯೂಟರ್ ತೊಂದರೆ (ವೈ2ಕೆ) ಸರಿಪಡಿಸಲು ನಮ್ಮವರು ಬಹಳ ಜನ ಬಂದರು. ಇಲ್ಲಿಂದ ತೋಜಾಯಿ ಲೈನಿನ ಮೆಟ್ರೋ ರೈಲು ಹತ್ತಿದರೆ ಓತೆಮಾಚಿ, ನಿಹೊಂಬಾಶಿಯ ಆಫೀಸುಗಳಿಗೆ ನೇರ. ಪಕ್ಕದಲ್ಲೇ ಜಾಮೀನು ಕೇಳದ ಯುಆರ್ ಮನೆಗಳು. ಒಬ್ಬರ ಹಿಂದೆ ಒಬ್ಬರು ಬಂದು ನೆಲೆಸಿದರು. ಈಗ ತೊಗರಿಬೇಳೆ, ಸಾಸಿವೆ, ಇಂಗು ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತವೆ. ಬೆಳಿಗ್ಗೆ ಆ ಲೈನಿನ ಜನಜಂಗುಳಿ ಮಾತ್ರ ಭಯಂಕರ. ಕಿಬಾ ಮತ್ತು ಮೊನ್ಜೆನ್ ನಾಕಾಚೋ ನಡುವೆ ಎಳೆ ಮಗುವನ್ನು ಎತ್ತಿಕೊಂಡು ಆ ಹೊತ್ತಿಗೆ ಹೋಗಬೇಡಿ.

ಈಗ ಮನೆಯ ಒಳಗೆ ಬರೋಣ. ಹೊಸಬರಿಗೆ ಗಾಬರಿಯಾಗುವುದು ಇಲ್ಲೇ. ಬೀಗದ ಕೈ ಸಿಕ್ಕಾಗ ಮನೆ ಪೂರ್ತಿ ಖಾಲಿ. ಪೀಠೋಪಕರಣ ಇಲ್ಲ ಅನ್ನುವುದು ಸರಿ, ಕೋಣೆಗಳಲ್ಲಿ ದೀಪವೂ ಇರುವುದಿಲ್ಲ. ಚಾವಣಿಯಲ್ಲಿ ಒಂದು ಸಣ್ಣ ಸಾಕೆಟ್ ಇರುತ್ತದೆ, ದೀಪ ನಾವೇ ತಂದು ತಿರುಗಿಸಿ ಸಿಕ್ಕಿಸಬೇಕು. ಪರದೆ ಇಲ್ಲ, ಒಲೆ ಇಲ್ಲ, ಹಳೆಯ ಮನೆಗಳಲ್ಲಿ ಎಸಿ ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ರೇಕಿನ್, ಕಮಿಷನ್ ಕೊಡದೆ ಉಳಿದ ದುಡ್ಡಿನಲ್ಲಿ ಒಂದು ಭಾಗ ಇದಕ್ಕೆ ಎತ್ತಿಡಿ. ವಾಪಸ್ ಊರಿಗೆ ಹೊರಟವರಿಂದ ಹಳೆ ಸಾಮಾನು ಕೊಳ್ಳುವುದು ಇಲ್ಲಿ ರೂಢಿ. ನಮ್ಮ ಎಸಿ, ವಾಷಿಂಗ್ ಮಷೀನ್ ಎರಡೂ ಹಾಗೆ ಬಂದವೇ.

ಒಲೆ ಕೊಳ್ಳುವಾಗ ಹುಷಾರು. ಮನೆಗೆ ಬರುವುದು ಪೈಪಿನ ಗ್ಯಾಸೋ ಸಿಲಿಂಡರಿನದ್ದೋ ನೋಡಿ. ಒಂದರ ಒಲೆ ಇನ್ನೊಂದಕ್ಕೆ ಆಗುವುದಿಲ್ಲ, ಅಪಾಯ. ಗ್ಯಾಸ್ ಶುರು ಮಾಡಲು ಕಂಪನಿಯವರು ಬಂದಾಗ ಮನೆಯಲ್ಲಿ ನೀವಿರಬೇಕು. ಇನ್ನೊಂದು ವಿಷಯ ರೊಟ್ಟಿ ಮಾಡುವವರಿಗಾಗಿಯೇ ಬರೆಯುತ್ತಿದ್ದೇನೆ. 2008ರಿಂದ ಇಲ್ಲಿ ಮಾರುವ ಗ್ಯಾಸ್ ಒಲೆಗಳ ಪ್ರತಿ ಬರ್ನರ್ ನಡುವೆಯೂ ಪಾತ್ರೆಯ ತಳದ ಬಿಸಿ ಅಳೆಯುವ ಗುಂಡಿಯಂಥ ಸಣ್ಣ ಸೆನ್ಸರ್ ಕಡ್ಡಾಯ. ಹಂಚು ಚೆನ್ನಾಗಿ ಕಾದು, ಜೋಳದ ರೊಟ್ಟಿ ಹಾಕಿ ನೀರು ಸವರುವ ಹೊತ್ತಿಗೆ ಸರಿಯಾಗಿ ಉರಿ ತಾನಾಗೇ ಇಳಿಯುತ್ತದೆ. ಹಂಚು ತಣ್ಣಗಾಗಿ ರೊಟ್ಟಿ ಉಬ್ಬುವುದೇ ಇಲ್ಲ. ಫುಲ್ಕಾ ನೇರ ಬೆಂಕಿಯ ಮೇಲೆ ಹಿಡಿದರೂ ಅದೇ ಕಥೆ. ಜಾಸ್ತಿ ಬಿಸಿಗೆ ಬಿಡುವ ಗುಂಡಿ ಇರುವ ಒಲೆಗಳು ಸಿಗುತ್ತವೆ. ಅದನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಉರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅಂಗಡಿಯಲ್ಲಿ ಅದನ್ನು ಕೇಳಿ ನೋಡಿಯೇ ತನ್ನಿ. ಊರಿಂದ ಮಿಕ್ಸಿ ತರುವ ಆಸೆ ಇದ್ದರೆ ಬಿಡಿ. ಇಲ್ಲಿ ಕರೆಂಟು 100 ವೋಲ್ಟ್, ನಮ್ಮ 230ರ ಮಿಕ್ಸಿ ಚಟ್ನಿ ಅರೆಯುವುದಿಲ್ಲ. ತರಲೇಬೇಕಾದರೆ ಅದಕ್ಕೆ ತಕ್ಕ ಭಾರದ ಟ್ರಾನ್ಸ್‌ಫಾರ್ಮರ್ ಬೇಕು.

ಹಳೆಯ ದಾಂಚಿಗಳಲ್ಲಿ ಕರೆಂಟಿನ ಆಂಪಿಯರ್ ಮಿತಿ ಕೇಳಿ ತಿಳಿದುಕೊಳ್ಳಿ. 30 ಆಂಪಿಯರ್ ಇದ್ದರೆ ಎಸಿ, ಮೈಕ್ರೋವೇವ್, ಅನ್ನದ ಕುಕ್ಕರ್ ಒಟ್ಟಿಗೆ ಹಾಕುವಂತಿಲ್ಲ, ಬ್ರೇಕರ್ ಬೀಳುತ್ತದೆ. ಐದು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದು ಸಾಮಾನ್ಯ. ಮೇಲಿನ ಮಹಡಿಯ ಬಾಡಿಗೆ ಕಮ್ಮಿ ಅಂತ ಆಸೆಪಡುವ ಮುಂಚೆ, ಊರಿಂದ ಅತ್ತೆ ಮಾವ ಬಂದರೆ ಹತ್ತುತ್ತಾರಾ, 10 ಕಿಲೋ ಅಕ್ಕಿ ಯಾರು ಹೊರುತ್ತಾರೆ ಅಂತ ಯೋಚಿಸಿ. ಕಟ್ಟಿದ ವರ್ಷವೂ ಮುಖ್ಯ. 1981ರಲ್ಲಿ ಭೂಕಂಪದ ನಿಯಮ ಬಿಗಿಯಾಯಿತು. ಅದಕ್ಕಿಂತ ಹಳೆಯ ಕಟ್ಟಡವಾದರೆ ತಪಾಸಣೆಯ ಫಲಿತಾಂಶ ಏನು ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಎದೋಗಾವಾದಲ್ಲಿ ಮನೆ ನೋಡುವವರಿಗೆ ಇನ್ನೊಂದು ಮಾತು. ವಾರ್ಡಿನ ಹೆಚ್ಚಿನ ಭಾಗ ಉಬ್ಬರದ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. 2019ರಲ್ಲಿ ವಾರ್ಡಿನವರೇ ಹಂಚಿದ ಪ್ರವಾಹದ ನಕ್ಷೆಯ ಮುಖಪುಟದಲ್ಲಿ ‘ಇಲ್ಲೇ ಇದ್ದರೆ ಆಗದು’ ಅಂತ ಬರೆದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತ ಬಂತು. ಹಾಗಾಗಿ ನೆಲಮಹಡಿ ಬೇಡ ಅನ್ನುವುದು ನನ್ನ ಸಲಹೆ. ಮೂರನೇ ಮಹಡಿಯಿಂದ ಮೇಲೆ ನೋಡಿ.

ಅಕ್ಕಪಕ್ಕದವರ ವಿಷಯಕ್ಕೆ ಬಂದರೆ ದಾಂಚಿಗಳಲ್ಲಿ ವಯಸ್ಸಾದವರು ಜಾಸ್ತಿ. ಸೇರಿದ ದಿನ ಮೇಲೆ, ಕೆಳಗೆ, ಎರಡೂ ಪಕ್ಕದ ಮನೆಗೆ ಹೋಗಿ ಒಂದು ಸಣ್ಣ ಟವೆಲ್ಲೋ ಬಿಸ್ಕತ್ತೋ ಕೊಟ್ಟು ಪರಿಚಯ ಹೇಳಿಕೊಳ್ಳಿ. ಮಕ್ಕಳಿದ್ದರೆ ಕೆಳಗಿನ ಮನೆಯವರಿಗೆ ಮೊದಲೇ ಹೇಳಿಬಿಡಿ, ದಪ್ಪನೆಯ ಚಾಪೆ ಹಾಸಿ. ನಮ್ಮ ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಾಗ ಮಗುವಿನ ಹೆಸರು ಹಿಡಿದೇ ಮಾತಾಡಿಸುತ್ತಾರೆ. ಕಸ ಹಾಕುವ ದಿನ, ಬಗೆ ತಪ್ಪಿದರೆ ಮಾತ್ರ ಯಾರೂ ಸುಮ್ನೆ ಬಿಡುವುದಿಲ್ಲ. ಬಾಲ್ಕನಿಯಲ್ಲಿ ಪಕ್ಕದ ಮನೆಗೂ ನಮಗೂ ನಡುವೆ ತೆಳುವಾದ ಹಲಗೆ ಇರುತ್ತದೆ. ಬೆಂಕಿ ಬಿದ್ದರೆ ಅದನ್ನು ಒದ್ದು ಒಡೆದು ಆ ಕಡೆ ದಾಟಬೇಕು. ಅದರ ಮುಂದೆ ತುಳಸಿ ಕುಂಡ ಇಡಬೇಡಿ, ಬೇರೆ ಮೂಲೆ ನೋಡಿ. ನಾಯಿ, ಬೆಕ್ಕು ಸಾಕುವವರಿಗೆ ಹೆಚ್ಚಿನ ಕಡೆ ಅವಕಾಶ ಇಲ್ಲ.

ಬಿಡುವುದು ಸುಲಭ. 14 ದಿನ ಮುಂಚೆ ತಿಳಿಸಿದರೆ ಸಾಕು. ಕೆಲಸ ಬದಲಾಗಿ ದಿಢೀರ್ ಹೊರಡಬೇಕಾದವರಿಗೆ ಇದು ಎಷ್ಟು ನೆಮ್ಮದಿ ಅಂತ ನಮ್ಮ ಗೆಳೆಯರ ಸಂಸಾರದಲ್ಲಿ ಕಂಡಿದ್ದೇನೆ. ಠೇವಣಿ ಬಗ್ಗೆ ಕಾನೂನೂ ಬಾಡಿಗೆದಾರರ ಪರ ಇದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ಸಹಜವಾಗಿ ಸವೆದದ್ದಕ್ಕೆ, ಹಳೆಯದಾದದ್ದಕ್ಕೆ ಬಾಡಿಗೆದಾರರು ದುಡ್ಡು ಕೊಡಬೇಕಿಲ್ಲ. ಬಿಸಿಲಿಗೆ ಬಣ್ಣ ಮಾಸಿದ ತತಾಮಿ (ಹುಲ್ಲಿನ ಚಾಪೆಯ ನೆಲಹಾಸು) ಬೇರೆ, ಎಣ್ಣೆ ಚೆಲ್ಲಿ ಕಲೆಯಾದ ತತಾಮಿ ಬೇರೆ. ದೇವರ ದೀಪವನ್ನು ತತಾಮಿ ಕೋಣೆಯಲ್ಲಿ ಇಡುವವರು ಕೆಳಗೆ ಅಗಲವಾದ ತಟ್ಟೆ ಇಡಿ. ಸೇರುವ ದಿನವೇ ಗೋಡೆ, ನೆಲ, ಕಿಟಕಿ ಎಲ್ಲದರ ಫೋಟೋ ತೆಗೆದು, ಮೊದಲೇ ಇರುವ ಗೀರು, ಕಲೆಗಳನ್ನು ಬರೆದು ಕೊಡಿ.

5ಕ್ಕೆ ನಾನು 4 ಅಂಕ ಕೊಡುತ್ತೇನೆ. ಎರಡು ಮೂರು ತಿಂಗಳಿಗೆ ಬಂದವರಿಗೆ, ಸಾಮಾನು ಕೊಳ್ಳಲು ಮನಸ್ಸಿಲ್ಲದವರಿಗೆ ಇದು ಸರಿಹೋಗುವುದಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಇರುವ ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯದು ನಾನಂತೂ ಕಂಡಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಶಾಲೆ, ಆಫೀಸುಗಳ ಹೊಸ ವರ್ಷ. ಅದರ ಹಿಂದಿನ ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲರೂ ಮನೆ ಬದಲಾಯಿಸುತ್ತಾರೆ, ಒಳ್ಳೆಯ ಮನೆ ಕಣ್ಣೆದುರೇ ಹೋಗಿಬಿಡುತ್ತದೆ. ಆಗ ಬರುವವರು ಕಾಗದಪತ್ರಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ. ಖಾಲಿ ಮನೆಯ ಪಟ್ಟಿ ದಿನಾ ನೋಡಿ, ಇಷ್ಟವಾದದ್ದು ಕಂಡ ದಿನವೇ ಹೋಗಿ ಹಿಡಿದಿಡಿ. ನಾಳೆ ನೋಡೋಣ ಅಂತ ಬಿಡಬೇಡಿ.